ಉಣ್ಣಿ ಔಷಧಿಯ ಬಾಟಲಿ ಈಗ ನನ್ನ ಕೈಯಲ್ಲೇ ಇರುತ್ತದೆ

ಸಂಡೂರಿನ ಗುಡ್ಡಗಳಲ್ಲಿ ಜನರನ್ನು ಚಾರಣಕ್ಕೆ ಕರೆದೊಯ್ಯುವುದು ನನ್ನ ಕೆಲಸ. ಭಾನುವಾರ ಬೆಳಗಿನ ಐದೂವರೆಗೆ ಬಳ್ಳಾರಿಯಿಂದ ಹೊರಡುವ ಒಂದು ಟೆಂಪೊ, ಹದಿಮೂರು ಹದಿನಾಲ್ಕು ಜನ, ಬುತ್ತಿ, ನೀರು, ಇಷ್ಟೇ ನಮ್ಮ ಸರಂಜಾಮು. ಸೆಪ್ಟೆಂಬರಿನಲ್ಲಿ ಸಂಡೂರು ನೋಡಬೇಕೆಂದು ಗಾಂಧೀಜಿ ಹೇಳಿದ್ದರು ಎಂಬ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಆ ಹೊತ್ತಿಗೆ ಸ್ವಾಮಿಮಲೆಯ ಕಾಲುದಾರಿಗಳಲ್ಲಿ ಹುಲ್ಲು ಸೊಂಟದವರೆಗೆ ಬೆಳೆದಿರುತ್ತದೆ. ಹುಲ್ಲಿನ ಜೊತೆಗೆ ಉಣ್ಣಿಯೂ ಬರುತ್ತದೆ. ಪತ್ರಿಕೆಗಳಲ್ಲಿ ಉಣುಗು ಎಂದು ಬರೆಯುವುದೂ ಇದನ್ನೇ.

ಮೂರು ವರ್ಷಗಳ ಹಿಂದೆ, ಅಕ್ಟೋಬರಿನ ಒಂದು ಬೆಳಿಗ್ಗೆ, ಟೆಂಪೊದಿಂದ ಇಳಿದವರ ಕೈಗೆ ಉಣ್ಣಿ ತಡೆಯುವ ಸ್ಪ್ರೇ ಬಾಟಲಿ ಕೊಟ್ಟು, "ಎಲ್ಲರೂ ಚೆನ್ನಾಗಿ ಹಚ್ಚಿಕೊಳ್ಳಿ" ಎಂದು ಹೇಳಿ ತಿಂಡಿಯ ಲೆಕ್ಕ ಚುಕ್ತಾ ಮಾಡಲು ಹೋದೆ. ಅಷ್ಟು ಹೇಳಿದರೆ ನನ್ನ ಜವಾಬ್ದಾರಿ ಮುಗಿಯಿತು ಎಂದೇ ಆಗ ನಾನು ತಿಳಿದಿದ್ದೆ. ಗುಂಪಿನಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನಿದ್ದ. ಅವನು ಚೆನ್ನಾಗಿಯೇ ಹಚ್ಚಿಕೊಂಡ: ಅಂಗೈಗೆ, ತೋಳಿಗೆ, ಕೊರಳಿಗೆ, ಅಂಗಿ ಎತ್ತಿ ಹೊಟ್ಟೆಗೂ. ಅರ್ಧ ಗಂಟೆ ಏರು ಹತ್ತುವಷ್ಟರಲ್ಲಿ ಬೆವರು ಇಳಿಯಿತು. ಅದೇ ಕೈಯಿಂದ ಕಣ್ಣು ಒರೆಸಿಕೊಂಡ. ಅವನು ಕಿರುಚಿದ್ದು ಮುಂದಿನ ತಿರುವಿನಲ್ಲಿದ್ದ ನನಗೆ ಕೇಳಿಸಿತು.

ತಾಯಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ರೆಪ್ಪೆ ಬಿಡಿಸಿ ಹಿಡಿದು, ಕುಡಿಯಲು ತಂದಿದ್ದ ನೀರನ್ನೇ ಕಾಲು ಗಂಟೆ ಸಣ್ಣಗೆ ಸುರಿದೆ. ಚಾರಣ ಅಲ್ಲಿಗೇ ನಿಂತಿತು. ಕೆಳಗಿಳಿದು ಕಣ್ಣಿನ ವೈದ್ಯರಿಗೆ ತೋರಿಸುವ ವೇಳೆಗೆ ಕೆಂಪು ಇಳಿದಿತ್ತು, ಕಣ್ಣಿಗೆ ಏನೂ ಆಗಿರಲಿಲ್ಲ. ಆ ತಾಯಿ ನನ್ನನ್ನು ಬೈಯಲಿಲ್ಲ. "ನೀವು ಕೊಟ್ಟದ್ದು ಅಂತ ನಾನು ಏನೂ ಕೇಳಲೇ ಇಲ್ಲ ಅಕ್ಕಾ" ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ರಾತ್ರಿ ಬಾಟಲಿಯ ಚೀಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು, ಅಕ್ಷರ ದೊಡ್ಡದು ಮಾಡಿ, ಮೊದಲ ಸಲ ಪೂರ್ತಿ ಓದಿದೆ. ಎಲ್ಲವೂ ಅದರಲ್ಲೇ ಇತ್ತು. ಮಕ್ಕಳ ಕೈಗೆ ಬಾಟಲಿ ಕೊಡಬಾರದು, ದೊಡ್ಡವರು ತಮ್ಮ ಅಂಗೈಗೆ ಹಾಕಿಕೊಂಡು ಮಕ್ಕಳಿಗೆ ಸವರಬೇಕು. ಮಕ್ಕಳ ಅಂಗೈಗೆ ಹಚ್ಚಲೇಬಾರದು, ಏಕೆಂದರೆ ಆ ಕೈ ಬಾಯಿಗೆ, ಕಣ್ಣಿಗೆ ಹೋಗುತ್ತದೆ. ಮುಖಕ್ಕೆ ನೇರವಾಗಿ ಸಿಂಪಡಿಸಬಾರದು. ಗಾಯ, ತರಚು, ತುರಿಕೆ ಇರುವ ಜಾಗಕ್ಕೆ ಬೇಡ. ಬಟ್ಟೆಯ ಒಳಗಿನ ಮೈಗೆ ಬೇಡ. ಮನೆಗೆ ಬಂದ ಕೂಡಲೇ ಸೋಪು ಹಾಕಿ ತೊಳೆಯಬೇಕು.

ಅಂಗಡಿಯಲ್ಲಿ ಸಿಗುವ ಬಾಟಲಿಗಳಲ್ಲಿ ಇರುವ ಔಷಧಿ ಒಂದೇ ಅಲ್ಲ. ನಾನು ಇಟ್ಟುಕೊಳ್ಳುವುದು ಡೀಟ್ ಇರುವ ಸ್ಪ್ರೇ. 1946ರಲ್ಲಿ ಅಮೆರಿಕದ ಸೇನೆಗಾಗಿ ತಯಾರಾಗಿ, 1957ರಿಂದ ಜನಸಾಮಾನ್ಯರ ಬಳಕೆಗೆ ಬಂದದ್ದು ಅದು. ಉಣ್ಣಿಗೆ ಶೇಕಡಾ 20ರಿಂದ 30ರಷ್ಟು ಇದ್ದರೆ ಸಾಕು. ಶೇಕಡಾವಾರು ಹೆಚ್ಚಿದಂತೆ ಅದು ಹೆಚ್ಚು ಹೊತ್ತು ಇರುತ್ತದೆಯೇ ಹೊರತು ಹೆಚ್ಚು ಬಿಗಿಯಾಗಿ ತಡೆಯುವುದಿಲ್ಲ. ಪಿಕಾರಿಡಿನ್ ಎಂಬ ಇನ್ನೊಂದಿದೆ, ಅದೂ ಒಳ್ಳೆಯದೇ. ಸೊಳ್ಳೆಗೆಂದು ಮಾರುವ ಕ್ರೀಮು ಉಣ್ಣಿಗೂ ಆಗುತ್ತದೆ ಎಂದು ಊಹಿಸಬೇಡಿ, ಚೀಟಿಯಲ್ಲಿ ಉಣ್ಣಿಯ ಹೆಸರಿದೆಯೇ ನೋಡಿ. ಎರಡು ತಿಂಗಳು ತುಂಬದ ಕೂಸಿಗೆ ಡೀಟ್ ಹಚ್ಚುವಂತಿಲ್ಲ. ನಿಂಬೆ ನೀಲಗಿರಿ ಎಣ್ಣೆಯಿಂದ ಮಾಡಿದ್ದು ಗಿಡಮೂಲಿಕೆಯದು ಎಂಬ ನಂಬಿಕೆಯ ಮೇಲೆ ಮಕ್ಕಳಿಗೆ ಹಚ್ಚುವವರಿದ್ದಾರೆ, ಅದು ಮೂರು ವರ್ಷದೊಳಗಿನವರಿಗೆ ಸಲ್ಲದು. ಬೇವಿನೆಣ್ಣೆ ನಮ್ಮ ಮನೆಯಲ್ಲಿ ದಿನವೂ ಬಳಕೆಯಲ್ಲಿದೆ, ಆದರೆ ಅದನ್ನು ನಂಬಿ ಐದು ಗಂಟೆ ಹುಲ್ಲಿನಲ್ಲಿ ಜನರನ್ನು ನಡೆಸಲಾರೆ.

ಬಿಸಿಲಿನ ಕ್ರೀಮು ಹಚ್ಚುವವರು ಮೊದಲು ಅದನ್ನು ಹಚ್ಚಿ, ಆರಿದ ಮೇಲೆ ಇದನ್ನು ಸವರಬೇಕು. ಎರಡೂ ಬೆರೆತ ಕ್ರೀಮು ಬೇಡ: ಬಿಸಿಲಿನದ್ದನ್ನು ಎರಡು ಗಂಟೆಗೊಮ್ಮೆ ಹಚ್ಚಬೇಕಾಗುತ್ತದೆ, ಅದರ ಜೊತೆಗೆ ಔಷಧಿಯೂ ಬೇಡದಷ್ಟು ಮೈಗೆ ಸೇರುತ್ತದೆ. ನನ್ನ ದುರ್ಬೀನಿನ ಪ್ಲಾಸ್ಟಿಕ್ ಹಿಡಿಯಲ್ಲಿ ಹೆಬ್ಬೆರಳಿನ ಗುರುತೊಂದು ಅಚ್ಚೊತ್ತಿದೆ, ರೇಖೆ ರೇಖೆಯೂ ಎಣಿಸಬಹುದು. ಔಷಧಿ ಹಚ್ಚಿದ ಕೈಯಲ್ಲಿ ಹಿಡಿದು ಹಕ್ಕಿ ನೋಡುತ್ತ ನಿಂತದ್ದರ ಗುರುತು ಅದು. ಡೀಟ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಕನ್ನಡಕದ ಚೌಕಟ್ಟು, ಗಡಿಯಾರದ ಗಾಜು, ರೇಯಾನ್ ಬಟ್ಟೆ ಹಾಳಾಗುತ್ತವೆ. ಹತ್ತಿ, ಉಣ್ಣೆ, ನೈಲಾನಿಗೆ ಏನೂ ಆಗುವುದಿಲ್ಲ. ಹೊಸಬರಿಗೆ ಆ ಹಿಡಿಯನ್ನು ಮುಟ್ಟಿ ನೋಡಲು ಕೊಡುತ್ತೇನೆ. ಆಮೇಲೆ ಅವರು ನನ್ನ ಮಾತನ್ನು ಗಮನವಿಟ್ಟು ಕೇಳುತ್ತಾರೆ.

ಎಲ್ಲಿ ಹಚ್ಚಬೇಕು ಎಂಬುದನ್ನು ನನಗೆ ಕಲಿಸಿದವರು ಕುರಿ ಕಾಯುವ ಒಬ್ಬ ತಾತ. ನಾರಿಹಳ್ಳದ ಮೇಲ್ಭಾಗದಲ್ಲಿ ಸಿಕ್ಕಿದ್ದರು. "ಮೇಲಿನಿಂದ ಬೀಳುತ್ತದೆ ಅಂದುಕೊಂಡೆಯಾ? ಇಲ್ಲಿ ನೋಡಮ್ಮಾ" ಎಂದು ಒಂದು ಹುಲ್ಲಿನ ಗರಿಯನ್ನು ತೋರಿಸಿದರು. ಅದರ ತುದಿಯಲ್ಲಿ ರಾಗಿಕಾಳಿಗಿಂತ ಸಣ್ಣದೊಂದು ಕಂದು ಚುಕ್ಕೆ. ಬಗ್ಗಿ ನೋಡಿದರೆ ಹಿಂಗಾಲುಗಳಲ್ಲಿ ಗರಿಯನ್ನು ಅವುಚಿ, ಮುಂಗಾಲು ಎರಡನ್ನೂ ಗಾಳಿಗೆ ಚಾಚಿ ಕಾಯುತ್ತಿತ್ತು. ತಾತ ಕಂಬಳಿಯ ಅಂಚನ್ನು ಹಾಗೆ ತಾಕಿಸಿದರು ಅಷ್ಟೇ, ಗರಿ ಖಾಲಿಯಾಯಿತು, ಚುಕ್ಕೆ ಕಂಬಳಿಯ ಮೇಲಿತ್ತು. ಅದು ಹಾರುವುದಿಲ್ಲ, ಜಿಗಿಯುವುದಿಲ್ಲ. ತಾಗಿದವರನ್ನು ಹಿಡಿದು ಮೇಲಕ್ಕೆ ಹತ್ತುತ್ತದೆ. ನಾನೋ ಅಲ್ಲಿಯವರೆಗೆ ತೋಳಿಗೂ ಕತ್ತಿಗೂ ಧಾರಾಳವಾಗಿ ಹಚ್ಚಿ, ಕಾಲನ್ನು ಮರೆಯುತ್ತಿದ್ದೆ.

ಈಗ ಟೆಂಪೊ ನಿಂತ ಕೂಡಲೇ ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳುವುದು ಮೊದಲ ಕೆಲಸ. ತಿಳಿ ಬಣ್ಣದ ಬಟ್ಟೆ ಹಾಕಿಕೊಂಡು ಬರಲು ಹಿಂದಿನ ದಿನವೇ ಹೇಳಿರುತ್ತೇನೆ, ಹತ್ತುವ ಉಣ್ಣಿ ಕಣ್ಣಿಗೆ ಬೀಳಲಿ ಎಂದು. ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ ನಿಲ್ಲಿಸಿ, ಶೂ, ಕಾಲುಚೀಲ, ಪ್ಯಾಂಟಿನ ಕೆಳಭಾಗಕ್ಕೆ ನಾನೇ ಸಿಂಪಡಿಸುತ್ತೇನೆ. ಬೀಡಿ ಸಿಗರೇಟು ಹತ್ತಿರ ಇರಬಾರದು, ಸ್ಪ್ರೇಯಲ್ಲಿ ಮದ್ಯಸಾರವಿದ್ದರೆ ಬೆಂಕಿ ಹಿಡಿಯುತ್ತದೆ. ಹೊರಗೆ ಕಾಣುವ ಮುಂಗೈ, ಕತ್ತಿನ ಹಿಂಭಾಗಕ್ಕೆ ತೆಳುವಾಗಿ ಒಂದು ಲೇಪ. ಕುರಿಮಂದೆ ತಂಗಿದ ಜಾಗದಲ್ಲಿ ಬುತ್ತಿ ಬಿಚ್ಚುವುದಿಲ್ಲ, ಬಂಡೆಯ ಮೇಲೆ ಕೂರುತ್ತೇವೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಒಮ್ಮೆ ಟೆಂಪೊ ಓಡಿಸುವ ಅಣ್ಣ ದನದ ಉಣ್ಣಿಗೆ ಹಾಕುವ ಔಷಧಿಯ ಸಣ್ಣ ಬಾಟಲಿ ತಂದು, "ಅಕ್ಕಾ, ಇದನ್ನು ನೀರಿಗೆ ಬೆರೆಸಿ ಪ್ಯಾಂಟು ಅದ್ದಿದರೆ ಆಯಿತು, ಎತ್ತಿಗೆ ಏನೂ ಆಗುವುದಿಲ್ಲ, ನಮಗೇನಾಗುತ್ತದೆ?" ಎಂದ. ಅವನದು ಒಳ್ಳೆಯ ಮನಸ್ಸೇ. ಬಟ್ಟೆಗೆಂದೇ ಶೇಕಡಾ 0.5ರ ಪರ್ಮೆಥ್ರಿನ್ ಎಂಬ ಕೀಟನಾಶಕ ತಯಾರಿಸುತ್ತಾರೆ, ಅದನ್ನು ಬಟ್ಟೆಗೆ ಹಾಕಿ, ಪೂರ್ತಿ ಒಣಗಿಸಿ ತೊಡುತ್ತಾರೆ, ಮೈಗೆ ಎಂದೂ ಹಚ್ಚುವುದಿಲ್ಲ. ದನದ್ದು ಅದಲ್ಲ. ಗಟ್ಟಿ ಔಷಧಿಯನ್ನು ಅಂದಾಜಿಗೆ ಬೆರೆಸಿ ಅದ್ದಿದ ಬಟ್ಟೆ ಬೆವರಿನಲ್ಲಿ ದಿನವಿಡೀ ಮೈಗೆ ಅಂಟಿಕೊಂಡಿರುತ್ತದೆ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ.

ಇಳಿದು ಬಂದ ಮೇಲೆ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತೇವೆ: ಕಿವಿಯ ಹಿಂದೆ, ಕೂದಲಿನ ಬುಡ, ಮೊಣಕಾಲಿನ ಹಿಂಭಾಗ. ಕಂಕುಳು, ಸೊಂಟ, ತೊಡೆಸಂದನ್ನು ಮನೆಯಲ್ಲಿ ಸ್ನಾನ ಮಾಡುವಾಗ ಅವರೇ ನೋಡಿಕೊಳ್ಳಬೇಕು. ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ ಬೇಡ, ಬೀಡಿಯ ಬೆಂಕಿ ಬೇಡ. ಸಣ್ಣ ಮೂತಿಯ ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ ನೇರವಾಗಿ ಮೇಲಕ್ಕೆ ಎಳೆದು, ಜಾಗವನ್ನು ಸೋಪಿನಿಂದ ತೊಳೆದರೆ ಸಾಕು. ಬಟ್ಟೆಯನ್ನು ತಣ್ಣೀರಿನಲ್ಲಿ ನೆನೆಸಿಟ್ಟರೆ ಉಣ್ಣಿ ಸಾಯುವುದಿಲ್ಲ, ಒಣ ಶಾಖಕ್ಕೆ ಸಾಯುತ್ತದೆ. ಕುದಿನೀರಿನಲ್ಲಿ ಅದ್ದಿ, ಬಳ್ಳಾರಿಯ ಬಿಸಿಲಿಗೆ ಮಾಳಿಗೆಯ ಮೇಲೆ ಹರವಿ ಎನ್ನುತ್ತೇನೆ.

ಉಣ್ಣಿ ಎಂದ ಕೂಡಲೇ ಮಂಗನ ಕಾಯಿಲೆಯೇ ಎಂದು ಕೇಳುತ್ತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ ಅದು. ಅಲ್ಲಿ ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆಯೇ ಉಣ್ಣಿ ತಡೆಯಲು ಮೈಗೆ ಹಚ್ಚುವ ಡೀಪಾ ಎಣ್ಣೆ ಹಂಚುತ್ತದೆ. ಆದರೆ ಉಣ್ಣಿಯಿಂದ ಬರುವ ಜ್ವರ ಅದೊಂದೇ ಅಲ್ಲ. ಉಣ್ಣಿ ಟೈಫಸ್ ಎಂಬುದೂ ಇದೆ: ಜ್ವರ, ಮೈಮೇಲೆ ಕೆಂಪು ಗುಳ್ಳೆ, ಕೆಲವರಿಗೆ ಕಚ್ಚಿದ ಜಾಗದಲ್ಲಿ ಕಪ್ಪು ಹೆಕ್ಕಳೆ. ಬೇಗ ತಿಳಿದರೆ ಮಾತ್ರೆಯಲ್ಲೇ ಗುಣವಾಗುತ್ತದೆ, ಆದರೆ ಗುಡ್ಡಕ್ಕೆ ಹೋಗಿದ್ದೆ ಎಂದು ವೈದ್ಯರಿಗೆ ನಾವೇ ಹೇಳಬೇಕು.

ಹಾಗಾಗಿ ಪ್ರತಿ ಚಾರಣವಾದ ಐದನೆಯ ದಿನ, ಹತ್ತನೆಯ ದಿನ ಬಂದವರಿಗೆಲ್ಲ ಕರೆ ಮಾಡುತ್ತೇನೆ. ಜ್ವರ ಇದೆಯೇ, ಎಲ್ಲಾದರೂ ಕಪ್ಪು ಹೆಕ್ಕಳೆ ಕಂಡಿತೇ ಎಂದು ಎರಡೇ ಪ್ರಶ್ನೆ. ಹೋದ ವಾರದ ಹದಿಮೂರು ಜನರಲ್ಲಿ ಇನ್ನೂ ನಾಲ್ವರು ಉಳಿದಿದ್ದಾರೆ, ಊಟಕ್ಕೆ ಮೊದಲು ಅವರನ್ನು ವಿಚಾರಿಸಬೇಕು.