ಗೆರೆ ಉಳಿದಿರಲಿಲ್ಲ

ಕಳೆದ ಶನಿವಾರ ಹೋಗಿದ್ದು ಮಗಳ ಪ್ರಾಜೆಕ್ಟಿಗೋಸ್ಕರ. ನನಗೇನೂ ಆಸೆ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ನಾರ್ತ್ ಕೆರೊಲಿನಾದ ನಮ್ಮ ಮನೆಯಿಂದ ಒಂದೂವರೆ ಗಂಟೆ ಡ್ರೈವು. ಎರಡೂ ಕಡೆ ಪೈನ್ ಮರ, ಕೊನೆಗೆ ಬಿಳಿ ಹಲಗೆಯ ಎರಡು ಕೋಣೆ ಸ್ಕೂಲು. ಕಪ್ಪುಜನರ ಮಕ್ಕಳಿಗೆಂದು ನೂರು ವರ್ಷದ ಹಿಂದೆ ಕಟ್ಟಿದ ರೋಸೆನ್‌ವಾಲ್ಡ್ ಶಾಲೆ. ಈಗ ರಿಪೇರಿ ಮಾಡಿ, ಶನಿವಾರ ನೋಡೋರಿಗೆ ಬಾಗಿಲು ತೆಗೀತಾರೆ.

ತೋರಿಸೋಕೆ ಬಂದಿದ್ದು ಎಂಬತ್ತು ದಾಟಿದ ಅಜ್ಜಿ. ಅದೇ ಶಾಲೆಯಲ್ಲಿ ಓದಿದವರು. ಮಗಳು ಡೆಸ್ಕಿನ ಮೇಲಿದ್ದ ಹಳೇ ಪುಸ್ತಕ ತೆರೆದಳು. ರಟ್ಟಿನ ಒಳಗೆ ಮಕ್ಕಳು ಹೆಸರು ಬರೆಯೋಕೆ ಗೆರೆ, ಗೆರೆಗೊಂದು ಹೆಸರು. "ಇದರಲ್ಲಿ ನಿಮ್ಮ ಹೆಸರು ಎಲ್ಲಿ?" ಅಂದಳು. ಅಜ್ಜಿ ನಗುತ್ತಲೇ ಹೇಳಿದರು: "ಬಿಳಿಯರ ಶಾಲೆಯಲ್ಲಿ ಓದಿ ಬಿಟ್ಟ ಪುಸ್ತಕ ನಮಗೆ ಬರ್ತಿತ್ತು ಮಗು. ನನ್ನ ಕೈಗೆ ಬರೋ ಹೊತ್ತಿಗೆ ಗೆರೆ ಉಳಿದಿರ್ತಿರಲಿಲ್ಲ."

ಮಗಳು ಅದನ್ನು ನೋಟ್‌ಬುಕ್ಕಲ್ಲಿ ಬರಕೊಂಡಳು. ನಾನು ಸುಮ್ಮನೆ ಕಿಟಕಿ ಕಡೆ ತಿರುಗಿದೆ.

ಕಿಟಕಿಯೇ ಆ ಕಟ್ಟಡದ ಜೀವ. ಕರೆಂಟ್ ಇಲ್ಲದ ಊರುಗಳಿಗೆ ಮಾಡಿದ ನಕ್ಷೆ ಅದು. ಕೋಣೆಗೆ ಪೂರ್ವದಿಂದಲೋ ಪಶ್ಚಿಮದಿಂದಲೋ ಬೆಳಕು ಬರಬೇಕು, ಅದೂ ಕೂತ ಮಕ್ಕಳ ಎಡಗಡೆಯಿಂದ. ಬರೆಯುವ ಬಲಗೈಯ ನೆರಳು ಸ್ಲೇಟಿನ ಮೇಲೆ ಬೀಳಬಾರದು ಅಂತ. (ನನ್ನ ಮಗಳು ಎಡಚಿ. ಅವಳ ಪಾಡು ಬೇರೆ.) ಅಷ್ಟೆತ್ತರದ ಕಿಟಕಿಗಳನ್ನು ಸಾಲಾಗಿ ಇಟ್ಟಿದ್ದಾರೆ. ಹಳೇ ಗಾಜು ಉಳಿದ ಕಡೆ ಅದನ್ನೇ ಬಿಟ್ಟಿದ್ದಾರೆ. ಅದರಲ್ಲಿ ಹೊರಗಿನ ಮರ ನೀರಿನೊಳಗೆ ನಿಂತ ಹಾಗೆ ಅಲುಗುತ್ತೆ. ಒಂದು ಗೋಡೆಯಲ್ಲಿ ಅಂಗೈ ಅಗಲ ಜಾಗಕ್ಕೆ ಹೊಸ ಬಣ್ಣ ಬಳಿದಿಲ್ಲ. ಕೆಳಗಿನ ಪದರಗಳು ಒಂದರ ಕೆಳಗೊಂದು ಕಾಣಲಿ ಅಂತ.

ಸಿಯರ್ಸ್ ಅನ್ನೋ ದೊಡ್ಡ ಅಂಗಡಿ ಕಂಪನಿಯ ಸಾಹುಕಾರ ಜೂಲಿಯಸ್ ರೋಸೆನ್‌ವಾಲ್ಡ್ ಮತ್ತು ಕಪ್ಪುಜನರ ನಾಯಕ, ಶಿಕ್ಷಕ ಬುಕರ್ ಟಿ. ವಾಷಿಂಗ್ಟನ್ ಸೇರಿ ಶುರುಮಾಡಿದ ಕೆಲಸ. 1912ರಿಂದ 1932ರೊಳಗೆ 15 ರಾಜ್ಯಗಳಲ್ಲಿ ಹತ್ತಿರಹತ್ತಿರ 5000 ಶಾಲೆ, ಅತಿ ಹೆಚ್ಚು ಈ ರಾಜ್ಯದಲ್ಲೇ. ಹೆಸರು ಸಾಹುಕಾರರದ್ದು, ಆದರೆ ಅವರು ಕೊಟ್ಟಿದ್ದು ಒಂದು ಪಾಲು ಅಷ್ಟೆ. ಸರ್ಕಾರಕ್ಕೆ ತೆರಿಗೆ ಕಟ್ಟಿದ ಕಪ್ಪುಜನರೇ ಮತ್ತೆ ಜಾಗ, ಮರ, ಕೂಲಿ, ಚಿಲ್ಲರೆ ಕಾಸು ಕೂಡಿಸಿ ಕೊಟ್ಟರು. ಲೆಕ್ಕ ಹಾಕಿದರೆ ಅವರದ್ದೇ ಒಂದು ಕೈ ಮೇಲು. ಕಪ್ಪು, ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಕೂಡದು ಅಂದ 1954ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನಿಧಾನಕ್ಕೆ ಇವೆಲ್ಲ ಮುಚ್ಚಿದವು, ಎಷ್ಟೋ ಬಿದ್ದೇ ಹೋದವು. 2002ರಲ್ಲಿ ಅಳಿವಿನಂಚಿನ ತಾಣಗಳ ಪಟ್ಟಿಗೆ ಸೇರಿದ ಮೇಲೆ ಜನ ತಿರುಗಿ ನೋಡಿದರು.

ಜೊತೆಗೆ ಬಂದಿದ್ದ ಒಬ್ಬ ಅಪ್ಪ, ನಮ್ಮ ಕಡೆಯವರೇ, ಕಾರು ಹತ್ತುವಾಗ "ಅಮೆರಿಕದಲ್ಲೂ ಏನೇನೆಲ್ಲ ಮಾಡಿದಾರೆ ನೋಡಿ" ಅಂದರು. ಆ 'ಲೂ' ನನಗೆ ರೇಗಿಸಿತು. ಒಳ್ಳೆಯ ಮನುಷ್ಯ, ಪಾಟ್‌ಲಕ್ಕಿಗೆ ಬಿಸಿಬೇಳೆ ಬಾತ್ ಚೆನ್ನಾಗಿ ಮಾಡ್ಕೊಂಡು ಬರ್ತಾರೆ. ಆದರೆ ಆ ಸಮಾಧಾನ ಇದೆಯಲ್ಲ, ಬೇರೆಯವರ ಮನೆ ಕೊಳೆ ಕಂಡಾಗ ಬರೋದು, ಅದು ನನಗೂ ಒಂದು ಕ್ಷಣ ಬಂದಿತ್ತು. ಅದಕ್ಕೇ ರೇಗಿದ್ದು.

ಯಾಕೆಂದರೆ ಹಾಸನದ ಕಡೆಯ ನಮ್ಮೂರ ಶಾಲೆಗೆ ಒಂದು ಜಗಲಿ ಇತ್ತು. ಅಪ್ಪನ ಜೊತೆ ಓದಿದ ಒಬ್ಬರು ಮೂರನೇ ಕ್ಲಾಸಿನವರೆಗೆ ಆ ಜಗಲಿ ಮೇಲೆ ಕೂತು, ಕಿಟಕಿಯಿಂದ ಪಾಠ ಕೇಳಿದವರು. ಮಗ್ಗಿ ಒಪ್ಪಿಸುವಾಗ ಒಳಗಿನವರಿಗಿಂತ ಗಟ್ಟಿಯಾಗಿ ಹೇಳ್ತಿದ್ದ, ಮೇಷ್ಟ್ರಿಗೆ ಕೇಳಬೇಕಲ್ಲ ಅಂತ, ಎಂದು ಅಪ್ಪ ಈ ಕತೆಯನ್ನು ತಮಾಷೆಯ ಹಾಗೆ ಹೇಳೋರು. ನಾವೂ ನಗ್ತಿದ್ದೆವು. ಅಜ್ಜಿಯೂ ನಗುತ್ತಲೇ ಹೇಳಿದರಲ್ಲ. ಆದರೆ ಅದು ಅವರದೇ ಕತೆ. ನಮ್ಮ ನಗು ಯಾವ ಲೆಕ್ಕದ್ದು?

ಆ ಜಗಲಿ ಈಗ ಇಲ್ಲ. ಹೋದ ವರ್ಷ ಶತಮಾನೋತ್ಸವಕ್ಕೆ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ 'ಜೀರ್ಣೋದ್ಧಾರ' ಮಾಡಿದರು. ಹೆಂಚು ತೆಗೆದು ಶೀಟು, ಗಾರೆ ಕೆತ್ತಿ ಸಿಮೆಂಟು, ಜಗಲಿ ಒಡೆದು ಟೈಲ್ಸ್, ಬಾಗಿಲಲ್ಲಿ ದಾನಿಗಳ ಹೆಸರಿನ ಗ್ರಾನೈಟು. ಅದರಲ್ಲಿ ನನ್ನದೂ ಹೆಸರಿದೆ, ಐದನೇ ಸಾಲು. ಫೋಟೋ ಬಂದಾಗ ಹಾರ್ಟ್ ಒತ್ತಿದ್ದೆ. ಜಗಲಿ ಮೇಲೆ ಕೂತವರ ಹೆಸರು ಅಲ್ಲಿಲ್ಲ, ದುಡ್ಡು ಕೊಟ್ಟಿರಲಿಲ್ಲ, ತೀರಿಹೋಗಿ ವರ್ಷಗಳಾಗಿತ್ತು. ಅವರು ಕೂತ ಜಾಗವೊಂದು ಇತ್ತು. ಅದನ್ನೂ ನಾವೇ ಚಂದಾ ಎತ್ತಿ ಕೆಡವಿದೆವು. ಬೇಕಂತಲ್ಲ. ಚೊಕ್ಕವಾಗಿ ಕಾಣಲಿ ಅಂತ.

ಗೆರೆ ಉಳಿದಿರ್ತಿರಲಿಲ್ಲ. ವಾರವಿಡೀ ಮೀಟಿಂಗುಗಳ ನಡುವೆ ಅದೇ ಮಾತು.

ನಿನ್ನೆ ಅಪ್ಪನಿಗೆ ಫೋನ್ ಮಾಡಿ, ಜಗಲಿಯ ಚಪ್ಪಡಿ ಕಲ್ಲುಗಳು ಏನಾದವು ಅಂತ ಕೇಳಿದೆ.

"ಯಾಕೋ? ಎರಡು ಒಡೆದುಹೋದ್ವು. ಮಿಕ್ಕಿದ್ದನ್ನ ನಮ್ಮ ಮನೆ ಮುಂದಿನ ಚರಂಡಿ ಮೇಲೆ ಹಾಕಿದಾರೆ. ಗಟ್ಟಿ ಕಲ್ಲು, ದಿನಾ ಅದರ ಮೇಲೇ ಸ್ಕೂಟರ್ ನಿಲ್ಲಿಸ್ತೀನಿ."