‘ಮಿಸ್ಟರ್ ರೋಬಾಟ್’: ಮೊದಲ ಕಂತು ನೋಡಿದ ಮೇಲೆ

25 ಜೂನ್ 2015, ಗುರುವಾರ
ಎಡಿಸನ್, ನ್ಯೂಜೆರ್ಸಿ

ನಿನ್ನೆ ರಾತ್ರಿ ಯುಎಸ್‌ಎ ನೆಟ್‌ವರ್ಕ್‌ನಲ್ಲಿ ‘ಮಿಸ್ಟರ್ ರೋಬಾಟ್’ ಧಾರಾವಾಹಿ ಆರಂಭವಾಯಿತು. ಕಂತು ಮುಗಿದ ಕೂಡಲೇ ಇವರು ಮಲಗಿದರು. ನನಗೆ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ.

ಕಥಾನಾಯಕ ಎಲಿಯಟ್ ಹಗಲಿನಲ್ಲಿ ನ್ಯೂಯಾರ್ಕಿನ ಸೈಬರ್ ಭದ್ರತಾ ಕಂಪನಿಯೊಂದರ ಎಂಜಿನಿಯರ್, ರಾತ್ರಿಯಲ್ಲಿ ತನಗೆ ಪರಿಚಯವಿರುವ ಎಲ್ಲರ ಖಾತೆಗಳಿಗೂ ಕನ್ನ ಹಾಕುವವನು. ಕಪ್ಪು ಹೂಡಿಯೊಳಗೆ ಮುದುಡಿಕೊಂಡು ನಡೆಯುವ, ಯಾರಾದರೂ ಮೈ ಮುಟ್ಟಿದರೆ ಬೆಚ್ಚುವ, ಒಂಟಿತನ ತಡೆಯಲಾರದೆ ಕೋಣೆಯ ಮೂಲೆಯಲ್ಲಿ ಕುಳಿತು ಅಳುವ, ಅದನ್ನು ಮರೆಯಲು ಮಾರ್ಫಿನ್ ಸೇವಿಸುವ ಈ ಹುಡುಗನ ಪಾತ್ರದಲ್ಲಿ ರಾಮಿ ಮಲೆಕ್ ಎಂಬ ನಟ ಕಣ್ಣುಗಳಲ್ಲಿಯೇ ಅಭಿನಯಿಸಿದ್ದಾನೆ. ಮೊದಲ ದೃಶ್ಯದಲ್ಲಿ ಆತ ಕಾಫಿ ಅಂಗಡಿಗಳ ಮಾಲೀಕ ರಾನ್‌ನ ಎದುರು ಬಂದು ಕುಳಿತು, ನಿನ್ನ ನಿಜವಾದ ಹೆಸರು ರೋಹಿತ್ ಮೆಹ್ತಾ ಎಂದಾಗ ನಾನು ನೆಟ್ಟಗೆ ಕುಳಿತೆ. ಮಕ್ಕಳ ಅಶ್ಲೀಲ ಚಿತ್ರಗಳ ತಾಣವನ್ನು ಆ ಮನುಷ್ಯ, ಬಳಸುವವರ ಗುರುತನ್ನು ಮರೆಮಾಚುವ ಟಾರ್ ಎಂಬ ಅಂತರ್ಜಾಲ ವ್ಯವಸ್ಥೆಯ ಮರೆಯಲ್ಲಿ ನಡೆಸುತ್ತಿರುತ್ತಾನೆ. ಅವನು ಹಣದ ಆಮಿಷ ಒಡ್ಡಿದರೂ ಎಲಿಯಟ್ ಬೇಡವೆಂದು ಎದ್ದು ಹೋಗುತ್ತಾನೆ, ಪೊಲೀಸರು ಒಳಗೆ ಬರುತ್ತಾರೆ.

ಭದ್ರತೆಯ ಕೆಲಸದಲ್ಲಿಯೇ ಇರುವ ಇವರಿಗೆ ಹಿಡಿಸಿದ್ದು ಬೇರೆಯದೇ. ಪರದೆಯ ಮೇಲೆ ಕಾಣುವ, ಲಿನಕ್ಸ್ ಎಂಬ ಕಂಪ್ಯೂಟರ್ ಕಾರ್ಯವ್ಯವಸ್ಥೆಯ ಆದೇಶಗಳು ನಿಜವಾದವು, ಸಿನಿಮಾಗಳಲ್ಲಿ ತೋರಿಸುವ ಬಣ್ಣದ ಚಿತ್ತಾರಗಳಲ್ಲ ಎಂದು ಕಂತಿನುದ್ದಕ್ಕೂ ಹೇಳುತ್ತಿದ್ದರು. ಈ ತಿಂಗಳ ಆರಂಭದಲ್ಲಿ ಇಲ್ಲಿನ ಸರ್ಕಾರದ ಸುಮಾರು 40 ಲಕ್ಷ ಹಾಲಿ ಮತ್ತು ಮಾಜಿ ನೌಕರರ ವಿವರಗಳು ಕಳವಾದ ಸುದ್ದಿ ಹೊರಬಿದ್ದಂದಿನಿಂದ ಅವರು ಮನೆಗೆ ಬರುವುದು ತಡವಾಗುತ್ತಿದೆ. ಹೀಗಿರುವಾಗ ದೇಹ ದಣಿದಿದ್ದರೂ ಅವರು ಅಷ್ಟು ಉತ್ಸಾಹದಿಂದ ನೋಡಿದ್ದು ನನಗೆ ಸಂತೋಷ ಕೊಟ್ಟಿತು.

ನನ್ನನ್ನು ಕಾಡಿದ್ದು ಒಂದು ಫೋನ್ ಕರೆ. ಎಲಿಯಟ್ ತನ್ನ ಮನೋಚಿಕಿತ್ಸಕಿ ಕ್ರಿಸ್ಟಾಳ ಗೆಳೆಯನನ್ನು ಬೀದಿಯಲ್ಲಿ ಎದುರುಗೊಂಡು, ಅಮ್ಮನಿಗೆ ಫೋನ್ ಮಾಡಬೇಕೆಂಬ ನೆಪದಲ್ಲಿ ಅವನ ಮೊಬೈಲ್ ಪಡೆದು ನಂಬರ್ ತಿಳಿದುಕೊಳ್ಳುತ್ತಾನೆ. ಬಳಿಕ ಬ್ಯಾಂಕಿನವನಂತೆ ಮಾತನಾಡಿ ಅವನ ಮೆಚ್ಚಿನ ಬೇಸ್‌ಬಾಲ್ ತಂಡ ಯಾವುದು, ಸಾಕಿದ ನಾಯಿಯ ಹೆಸರೇನು ಎಂದು ಕೇಳುತ್ತಾನೆ. ಫ್ಲಿಪ್ಪರ್ ಎನ್ನುತ್ತಾನೆ ಆತ. ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಮಿಗೆ ಬೇಕಾದ ಸಾಮಗ್ರಿ ಅಷ್ಟರಲ್ಲಿಯೇ ಸಿಕ್ಕಿಬಿಡುತ್ತದೆ.

ಬೆಳಿಗ್ಗೆ ಎದ್ದವಳೇ ಹಾಸನಕ್ಕೆ ಫೋನ್ ಮಾಡಿದೆ. ಬ್ಯಾಂಕಿನಿಂದ ಎಂದು ಯಾರು ಕರೆದರೂ ಏನನ್ನೂ ಹೇಳಬಾರದು ಎಂದರೆ ಅಮ್ಮ, “ಹೋದ ತಿಂಗಳೇ ಒಬ್ಬ ಮಾಡಿದ್ದ ಕಣೇ. ಎಟಿಎಂ ಕಾರ್ಡ್ ಬ್ಲಾಕ್ ಆಗುತ್ತೆ, ಮೇಲಿರೋ ಹದಿನಾರು ನಂಬರ್ ಓದಿ ಅಂದ. ನಾನು ನಿಮ್ಮಪ್ಪನ ಕನ್ನಡಕ ತರೋಷ್ಟರಲ್ಲಿ ಲೈನ್ ಕಟ್ ಆಯ್ತು” ಎಂದರು.

“ಓದಿಬಿಡ್ತಿದ್ದೆಯಾ ಅಮ್ಮ?”

“ಅಷ್ಟು ಮರ್ಯಾದೆಯಿಂದ ಕೇಳಿದರೆ ಹೇಗೆ ಇಲ್ಲ ಅನ್ನೋದು? ಪಾಪ, ನಮ್ಮ ದುಡ್ಡಿಗೆ ತೊಂದರೆ ಆಗುತ್ತೆ ಅಂತಾನೇ ಮಾಡಿದಾನೆ ಅಂದುಕೊಂಡೆ.”

ನನ್ನ ಕೈ ತಣ್ಣಗಾಯಿತು. ಕಂಪ್ಯೂಟರ್‌ನ ಬೀಗ ಎಷ್ಟೇ ಗಟ್ಟಿಯಾಗಿರಲಿ, ಅಮ್ಮನಂಥವರ ಸೌಜನ್ಯದ ಮೂಲಕ ಒಳಗೆ ನುಗ್ಗುವವರನ್ನು ಯಾವ ತಂತ್ರಾಂಶ ತಡೆದೀತು?

ಆದರೂ ಎಲಿಯಟ್‌ನ ಮೇಲೆ ನನಗೆ ಸಿಟ್ಟು ಬರುತ್ತಿಲ್ಲ, ಇದೇ ಈ ಧಾರಾವಾಹಿಯ ಶಕ್ತಿ. ಜಗತ್ತಿನ ಗ್ರಾಹಕ ಸಾಲದಲ್ಲಿ ಶೇ. 70ರಷ್ಟನ್ನು ಹಿಡಿದಿಟ್ಟುಕೊಂಡ ಕಂಪನಿಯ ಲೆಕ್ಕವನ್ನೇ ಅಳಿಸಿ ಜನರನ್ನು ಋಣಮುಕ್ತರನ್ನಾಗಿಸುವ ಯೋಜನೆಯೊಂದು ನ್ಯೂಯಾರ್ಕಿನ ಕಡಲತೀರದ ಕೋನಿ ಐಲ್ಯಾಂಡಿನ ಪಾಳುಬಿದ್ದ ವಿಡಿಯೊ ಆಟಗಳ ಮಳಿಗೆಯಲ್ಲಿ ಸಿದ್ಧವಾಗುತ್ತಿದೆ. ಅವನನ್ನು ಅಲ್ಲಿಗೆ ಕರೆದೊಯ್ದವನೇ ಕ್ರಿಶ್ಚಿಯನ್ ಸ್ಲೇಟರ್ ಅಭಿನಯದ ಮಿಸ್ಟರ್ ರೋಬಾಟ್. ಈ ಮನುಷ್ಯನ ಬಗ್ಗೆ ನನಗೊಂದು ಅನುಮಾನ ಹುಟ್ಟಿದೆ. ಎಲಿಯಟ್ ಮೊದಲ ಮಾತಿನಿಂದಲೂ ತಾನೇ ಕಲ್ಪಿಸಿಕೊಂಡ ಗೆಳೆಯನೊಬ್ಬನಿಗೆ, ಅಂದರೆ ನೋಡುವ ನಮಗೆ, ಕಥೆ ಹೇಳುತ್ತಿದ್ದಾನೆ. ಅಂಥವನ ಕಣ್ಣಿಗೆ ಕಂಡದ್ದನ್ನೆಲ್ಲ ಹೇಗೆ ನಂಬುವುದು?

ಇವರಿಗೆ ಆ ಸಾಲದ ಕಥೆ ಮುಂದೇನಾಗುತ್ತದೆ ಎಂಬ ಕುತೂಹಲ. ನನ್ನ ಮನಸ್ಸು ಕ್ರಿಸ್ಟಾಳ ಕಡೆಗೇ ಎಳೆಯುತ್ತದೆ. ಅವಳ ಗೆಳೆಯ ಹೆಂಡತಿಯುಳ್ಳ ಮೋಸಗಾರನೆಂಬುದು ನಿಜ, ಎಲಿಯಟ್ ಅವನನ್ನು ಬೆದರಿಸಿ ದೂರ ಮಾಡಿದ್ದು ಅವಳ ಒಳ್ಳೆಯದಕ್ಕೇ ಎಂಬುದೂ ನಿಜ. ಆದರೆ ಅವಳ ಇಮೇಲ್‌ಗಳನ್ನೆಲ್ಲ ಓದಿ ಮುಗಿಸಿ, ಏನೂ ತಿಳಿಯದವನಂತೆ ಅವಳೆದುರಿನ ಕುರ್ಚಿಯಲ್ಲಿ ಕುಳಿತುಕೊಳ್ಳುವ ಈ ಹುಡುಗ, ಮನಸ್ಸು ಬಿಚ್ಚಿ ಮಾತನಾಡು ಎಂದು ಅವಳು ಕೇಳಿಕೊಳ್ಳುವಾಗಲೆಲ್ಲ ಒಳಗೇ ಏನನ್ನು…