ಹಾಡಿನ ಮುಖಪುಟದಲ್ಲಿ ಯಾರ ಹೆಸರಿರಬೇಕು

ಚಿತ್ರಗೀತೆಗಳ ಸಂಗ್ರಹಕ್ಕೆ ಸ್ವಂತವಾಗಿ ಮುಖಪುಟ ರಚಿಸಲು ಹೊರಟವರು ಬಣ್ಣ, ಅಕ್ಷರ, ಚಿತ್ರಗಳ ಯೋಚನೆಗೆ ಮೊದಲು ಒಂದು ಪ್ರಶ್ನೆಯನ್ನು ತೀರ್ಮಾನಿಸಿಕೊಳ್ಳಬೇಕು ಎಂದು ನಾನು ನಂಬಿದ್ದೇನೆ: ಈ ಮುಖಪುಟ ಸಿನಿಮಾದ್ದೋ, ಸಂಗೀತದ್ದೋ? ಸಿನಿಮಾದ್ದಾದರೆ ನಾಯಕನ ಮುಖ ಸಾಕು. ಪೋಸ್ಟರನ್ನು ಚೌಕಾಕಾರಕ್ಕೆ ಕತ್ತರಿಸಿದರೆ ಕೆಲಸ ಮುಗಿಯುತ್ತದೆ. ಸಂಗೀತದ್ದಾದರೆ ರಾಗ ಕಟ್ಟಿದವರು, ಸಾಹಿತ್ಯ ಬರೆದವರು, ಹಾಡಿದವರು, ವಾದ್ಯ ನುಡಿಸಿದವರು ಆ ಪುಟದಲ್ಲಿ ಎಲ್ಲಾದರೂ ಕಾಣಬೇಕು. ಕೆಲವು ವರ್ಷಗಳಿಂದ ಬಿಡುವಿನ ಸಂಜೆಗಳಲ್ಲಿ ಹಳೆಯ ಕನ್ನಡ ಚಿತ್ರಗಳ ಹಾಡುಗಳಿಗೆ ಮುಖಪುಟಗಳನ್ನು ಮಾಡುತ್ತಿರುವ ನನಗೆ ಈ ಎರಡನೆಯ ದಾರಿಯೇ ಸರಿಯೆಂದು ಕಂಡಿದೆ.

ಹೀಗೆ ತೋರುವುದಕ್ಕೆ ನಾನು ಬೆಳೆದ ಊರೂ ಕಾರಣವಿರಬಹುದು. ಕಾಸರಗೋಡಿನ ನಮ್ಮ ಕಡೆಯ ಮನೆಗಳಿಗೆ ಕನ್ನಡ ಚಿತ್ರಗೀತೆ ಬಂದದ್ದು ಚಿತ್ರಮಂದಿರದ ಮೂಲಕ ಎನ್ನುವುದಕ್ಕಿಂತ ಆಕಾಶವಾಣಿಯ ಮೂಲಕ. 1956ರಲ್ಲಿ ರಾಜ್ಯಗಳ ಗಡಿ ಬದಲಾಗಿ ನಾವು ಕೇರಳದವರಾದೆವು. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ಅದರ ಪ್ರಸಾರ ಗಡಿಯ ತಲಪಾಡಿಯನ್ನು ದಾಟಿ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಅಡಿಕೆ ತೋಟಗಳ ನಡುವಿನ ಮನೆಗಳಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಸಿನಿಮಾ ನೋಡದವರಿಗೂ ಅದರ ಸಂಗೀತ ನಿರ್ದೇಶಕರು ಯಾರೆಂದು ಗೊತ್ತಿರುತ್ತಿತ್ತು, ಏಕೆಂದರೆ ಉದ್ಘೋಷಕರು ಹಾಡು ಹಾಕುವ ಮುನ್ನ ಚಿತ್ರದ ಹೆಸರು, ಸಾಹಿತ್ಯ, ಸಂಗೀತ, ಗಾಯಕರು ಎಂಬ ನಾಲ್ಕನ್ನೂ ಹೇಳುತ್ತಿದ್ದರು. ನನ್ನ ಸೋದರಮಾವನವರು ನೋಡಿದ ಸಿನಿಮಾಗಳನ್ನು ಬೆರಳಲ್ಲಿ ಎಣಿಸಬಹುದಾಗಿತ್ತು. ಆದರೂ ವಿಜಯಭಾಸ್ಕರ್, ಜಿ.ಕೆ. ವೆಂಕಟೇಶ್, ರಾಜನ್–ನಾಗೇಂದ್ರ, ಟಿ.ಜಿ. ಲಿಂಗಪ್ಪ, ಎಂ. ರಂಗರಾವ್, ಉಪೇಂದ್ರಕುಮಾರ್ ಇವರ ಹಾಡುಗಳನ್ನು ಆರಂಭದ ವಾದ್ಯಸಂಗೀತದಿಂದಲೇ ಅವರು ಗುರುತಿಸಿ, ಉದ್ಘೋಷಣೆ ತಪ್ಪಿಹೋದವರಿಗೆ ವಿವರ ಹೇಳುತ್ತಿದ್ದರು. ನಮ್ಮ ಅಭಿಮಾನದ ಕೇಂದ್ರ ಸಂಗೀತ ನಿರ್ದೇಶಕರಾಗಿದ್ದರು; ನಟರು ಆಮೇಲೆ.

ಇಂದು ಹಾಡು ಮೊಬೈಲಿನಲ್ಲಿದೆ, ಉದ್ಘೋಷಕರಿಲ್ಲ. ಹಾಡಿನ ಹೆಸರು ರೋಮನ್ ಅಕ್ಷರಗಳಲ್ಲಿರುತ್ತದೆ. ಸಾಹಿತ್ಯ ಬರೆದವರ ಹೆಸರು ಬಹಳ ಕಡೆ ಇರುವುದೇ ಇಲ್ಲ. ಬೇರೆಬೇರೆ ಚಿತ್ರಗಳ ಹಾಡುಗಳನ್ನು ಒಂದು ಸಂಕಲನದಲ್ಲಿ ಸೇರಿಸಿದಾಗ ಚಿತ್ರದ ಹೆಸರೂ ಮಾಯವಾಗಿ, 1970ರ ದಶಕದ ಹಾಡಿಗೆ ಸಂಕಲನ ಹೊರಬಂದ ವರ್ಷ ಅಂಟಿಕೊಳ್ಳುತ್ತದೆ. ನಮ್ಮಲ್ಲಿನ ಮಕ್ಕಳು ಬಹುಪಾಲು ಮಲಯಾಳಂ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿರುವ ಈ ಹೊತ್ತಿನಲ್ಲಿ, ಮನೆಯವರು ಹಾಕಿದ ಕನ್ನಡ ಹಾಡಿನ ಜೊತೆಗೆ ಅವರ ಕಣ್ಣಿಗೆ ಬೀಳಬಹುದಾದ ಕನ್ನಡ ಅಕ್ಷರವೆಂದರೆ ಆ ಚಿಕ್ಕ ಚೌಕದೊಳಗಿನ ಮುಖಪುಟದಲ್ಲಿರುವುದಷ್ಟೇ. ಆದ್ದರಿಂದ ಉದ್ಘೋಷಕರು ಮಾಡುತ್ತಿದ್ದ ಕೆಲಸವನ್ನು ಈಗ ಮುಖಪುಟ ಮಾಡಬೇಕು ಎಂಬುದು ನನ್ನ ನಿಲುವು.

ಧ್ವನಿಮುದ್ರಿಕೆಯ ಹೊದಿಕೆಗೆ ಚಿತ್ರ ಬೇಕೆಂಬ ವಿಚಾರ ಧ್ವನಿಮುದ್ರಿಕೆಯಷ್ಟು ಹಳೆಯದಲ್ಲ. 1940ರ ಸುಮಾರಿಗೆ ಅಮೆರಿಕದ ಕೊಲಂಬಿಯಾ ಸಂಸ್ಥೆಯಲ್ಲಿ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಯುವ ವಿನ್ಯಾಸಕಾರ ಸಂಗೀತಕ್ಕೆ ಹೊಂದುವ ಚಿತ್ರ ಬರೆದು ಹೊದಿಕೆಯ ಮೇಲೆ ಅಚ್ಚು ಹಾಕಿಸುವವರೆಗೆ, ರೆಕಾರ್ಡುಗಳು ಸಾಮಾನ್ಯವಾಗಿ ಬರಿಯ ಕಂದು ಕಾಗದದ ಹೊದಿಕೆಯಲ್ಲಿ ಮಾರಾಟವಾಗುತ್ತಿದ್ದವು. ನಮ್ಮಲ್ಲಿ ಇದು ಪೂರ್ಣವಾಗಿ ಅರಳಿದ್ದು ಏಳು ಅಂಗುಲದ ಇ.ಪಿ. ಮತ್ತು ಹನ್ನೆರಡು ಅಂಗುಲದ ಎಲ್.ಪಿ. ರೆಕಾರ್ಡುಗಳ ಕಾಲದಲ್ಲಿ. ಒಂದು ಇ.ಪಿ.ಯಲ್ಲಿ ಮೂರೋ ನಾಲ್ಕೋ ಹಾಡು. ಮುಂಭಾಗದಲ್ಲಿ ಚಿತ್ರದ ದೃಶ್ಯ, ಹಿಂಭಾಗದಲ್ಲಿ ಹಾಡುಗಳ ಪಟ್ಟಿ, ಗಾಯಕರು, ಸಾಹಿತ್ಯ, ಸಂಗೀತ. ಹೊದಿಕೆ ಎಷ್ಟೇ ಸರಳವಾಗಿದ್ದರೂ ಅದನ್ನು ತಿರುಗಿಸಿದರೆ ಬೇಕಾದ ಮಾಹಿತಿ ಸಿಗುತ್ತಿತ್ತು. ಕ್ಯಾಸೆಟ್ ಬಂದ ಮೇಲೆ ಅಂಗೈಗಿಂತ ಚಿಕ್ಕದಾದ ಆ ಕಾಗದದ ಮೇಲೆ ಎರಡು ಮೂರು ಚಿತ್ರಗಳನ್ನು ಒಟ್ಟಿಗೆ ಹಾಕುವ ಪದ್ಧತಿ ಬೆಳೆಯಿತು. ಕ್ಯಾಸೆಟ್ಟುಗಳನ್ನು ನಾನು ಪ್ರೀತಿಸುತ್ತೇನೆ, ಮಂಗಳೂರಿನ ಹಂಪನಕಟ್ಟೆಯ ಅಂಗಡಿಗಳಿಂದ ಆರಿಸಿ ತಂದವು ಈಗಲೂ ಮನೆಯಲ್ಲಿವೆ. ಆದರೆ ಹೆಸರುಗಳು ಜಾಗ ಕಳೆದುಕೊಳ್ಳಲು ಆರಂಭಿಸಿದ್ದು ಅಲ್ಲಿಂದಲೇ ಎಂದು ಹೇಳದೆ ವಿಧಿಯಿಲ್ಲ.

ನನ್ನ ಕೆಲಸದ ರೀತಿ ಹೀಗಿದೆ. ಹಳೆಯ ಹೊದಿಕೆ ಸಿಕ್ಕಿದರೆ ಅದನ್ನು 600 ಡಿಪಿಐ (ಪ್ರತಿ ಅಂಗುಲಕ್ಕೆ 600 ಚುಕ್ಕೆ) ಸಾಂದ್ರತೆಯಲ್ಲಿ ಸ್ಕ್ಯಾನ್ ಮಾಡುತ್ತೇನೆ. ಆಫ್‌ಸೆಟ್ ಮುದ್ರಣದ ಚಿತ್ರವೆಂದರೆ ನೀಲಿ, ಕೆನ್ನೀಲಿಗೆಂಪು, ಹಳದಿ, ಕಪ್ಪು ಚುಕ್ಕೆಗಳ ಜಾಲ. ಕಡಿಮೆ ಸಾಂದ್ರತೆಯಲ್ಲಿ ಸ್ಕ್ಯಾನ್ ಮಾಡಿದರೆ ಆ ಚುಕ್ಕೆಗಳ ಜಾಲವೂ ಪಿಕ್ಸೆಲ್‌ಗಳ ಜಾಲವೂ ಒಂದರ ಮೇಲೊಂದು ಕುಳಿತು ಮುಖದ ಮೇಲೆ ಅಲೆಅಲೆಯಾದ ಗೆರೆಗಳು ಮೂಡುತ್ತವೆ. ಹೆಚ್ಚಿನ ಸಾಂದ್ರತೆಯಲ್ಲಿ ತೆಗೆದು, ಸ್ವಲ್ಪ ಮಸುಕುಗೊಳಿಸಿ, ಅನಂತರ ಅರ್ಧಕ್ಕೆ ಇಳಿಸಿದರೆ ಈ ತೊಂದರೆ ಬಹುಮಟ್ಟಿಗೆ ಹೋಗುತ್ತದೆ. ಇ.ಪಿ. ಹೊದಿಕೆ ಮನೆಯ ಸಾಮಾನ್ಯ ಸ್ಕ್ಯಾನರಿನೊಳಗೆ ಹಿಡಿಸುತ್ತದೆ, ಎಲ್.ಪಿ. ಹಿಡಿಸುವುದಿಲ್ಲ, ಅದನ್ನು ನಾಲ್ಕು ಭಾಗಗಳಲ್ಲಿ ತೆಗೆದು ಜೋಡಿಸಬೇಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಬೂಷ್ಟು ಹಿಡಿಯದ ಹೊದಿಕೆ ಸಿಗುವುದೇ ಅಪರೂಪ. ಹಾಗಾಗಿ ಬಹಳ ಸಲ ಹಳೆಯದನ್ನು ದುರಸ್ತಿ ಮಾಡುವುದಕ್ಕಿಂತ ಹೊಸದಾಗಿ ಚಿತ್ರ ಬರೆಯುವುದೇ ಮೇಲೆನಿಸುತ್ತದೆ. ಸ್ಥಿರಚಿತ್ರಗಳ ಹಕ್ಕು ಬೇರೆಯವರದ್ದು ಎಂಬ ಕಾರಣಕ್ಕೂ ನನಗೆ ಬರೆಯುವುದೇ ಇಷ್ಟ. ಮಾಡಿದ್ದನ್ನು ನಾನು ಮಾರುವುದಿಲ್ಲ, ನನ್ನ ಸಂಗ್ರಹದಲ್ಲಿ ಇಟ್ಟುಕೊಳ್ಳುತ್ತೇನೆ.

ಅತ್ಯಂತ ಹೆಚ್ಚು ಸಮಯ ಹಿಡಿಯುವುದು ಶೀರ್ಷಿಕೆಯ ಅಕ್ಷರ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಬೇರೆ ಭಾಷೆಯ ವಿನ್ಯಾಸಗಳನ್ನು ನೋಡಿ ಕಲಿತವರು ಎಡವುವುದು ಇಲ್ಲಿಯೇ. ಕನ್ನಡದಲ್ಲಿ ಅಕ್ಷರದ ಮೇಲೆ ಗುಡಿಸು, ಏತ್ವಗಳು ಏರುತ್ತವೆ, ಕೆಳಗೆ ಒತ್ತಕ್ಷರಗಳು ಇಳಿಯುತ್ತವೆ. ‘ಎರಡು ಕನಸು’ ಎಂಬ ಹೆಸರಿನಲ್ಲಿ ಒಂದೂ ಒತ್ತಕ್ಷರವಿಲ್ಲ. ಆ ಎರಡು ಪದಗಳನ್ನು ಒಂದರ ಕೆಳಗೊಂದು ಎಷ್ಟು ಹತ್ತಿರ ತಂದರೂ ತೊಡಕಿಲ್ಲ. ‘ಸನಾದಿ ಅಪ್ಪಣ್ಣ’ದಲ್ಲಿ ಎರಡನೆಯ ಪದಕ್ಕೆ ಒಂದರ ಪಕ್ಕ ಒಂದು ಎರಡು ಒತ್ತುಗಳಿವೆ. ಅದರ ಕೆಳಗೆ ಸಂಗೀತ ನಿರ್ದೇಶಕರ ಹೆಸರನ್ನು ಬರೆಯಹೊರಟರೆ ಒತ್ತುಗಳು ಆ ಸಾಲಿನೊಳಗೆ ನುಗ್ಗುತ್ತವೆ. ಸಾಲುಗಳ ನಡುವೆ ಜಾಗ ಹೆಚ್ಚಿಸುವುದು ಸುಲಭದ ಪರಿಹಾರ. ಆ ಒತ್ತುಗಳನ್ನೇ ವಿನ್ಯಾಸದ ಭಾಗವಾಗಿ ಮಾಡಿಕೊಂಡು, ಅವುಗಳ ಎಡಕ್ಕೆ ಉಳಿಯುವ ಖಾಲಿ ಜಾಗದಲ್ಲಿ ಹೆಸರನ್ನು ಕೂರಿಸುವುದು ಒಳ್ಳೆಯ ಪರಿಹಾರ. ಕೈಯಿಂದ ಶೀರ್ಷಿಕೆ ಬರೆಯುತ್ತಿದ್ದ ಹಳೆಯ ಪೋಸ್ಟರ್ ಕಲಾವಿದರಿಗೆ ಇದು ಸಹಜವಾಗಿ ತಿಳಿದಿತ್ತು. ಒತ್ತನ್ನು ಉದ್ದಕ್ಕೆ ಎಳೆದು ಇಡೀ ಹೆಸರಿಗೆ ಅಡಿಗೆರೆಯಾಗಿಸಿದ ಶೀರ್ಷಿಕೆಗಳನ್ನು ನೋಡಿದಾಗ ನನಗೆ ಇಂದಿಗೂ ಕೈಮುಗಿಯಬೇಕೆನಿಸುತ್ತದೆ.

ಗಣಕದಲ್ಲಿ ಮಾಡುವವರಿಗೆ ಇನ್ನೊಂದು ತೊಡಕಿದೆ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನು ಬದಲಾಯಿಸದೆ ಟೈಪ್ ಮಾಡಿದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಒಡೆದುಹೋಗುತ್ತವೆ. ಇಂಕ್‌ಸ್ಕೇಪ್, ಗಿಂಪ್ ಎಂಬ ಚಿತ್ರರಚನೆಯ ತಂತ್ರಾಂಶಗಳಲ್ಲಿ ಯುನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ, ಎರಡೂ ಉಚಿತ. ಹಾಡಿನ ವಿವರಗಳಿಗೆ ನೋಟೋ ಸೆರಿಫ್ ಕನ್ನಡ ಎಂಬ ಫಾಂಟ್ ಸಾಕು. ಶೀರ್ಷಿಕೆಗೆ ದಪ್ಪ ಅಕ್ಷರ ಬೇಕೆಂದಾಗ ‘ಬಾಲೂ ತಮ್ಮ’ ಎಂಬ ಫಾಂಟ್ ಚೆಲುವಾಗಿದೆ, ಆದರೆ ಅದರ ದುಂಡುತನ ಹರ್ಷದ ಹಾಡುಗಳಿಗೆ ಹೊಂದುವಷ್ಟು ವಿಷಾದದ ಹಾಡುಗಳಿಗೆ ಹೊಂದದು. ಅಂಥ ಕಡೆ ನಾನು ಕುಂಚದಿಂದ ಕಾಗದದ ಮೇಲೆ ಬರೆದು ಸ್ಕ್ಯಾನ್ ಮಾಡಿಕೊಳ್ಳುತ್ತೇನೆ.

ಮೇಲೆ ಹೇಳಿದ ‘ಸನಾದಿ ಅಪ್ಪಣ್ಣ’ 1977ರ ಚಿತ್ರ. ಡಾ. ರಾಜಕುಮಾರ್ ಅವರ ಪಾತ್ರ ನುಡಿಸುವ ಶಹನಾಯಿಯ ನಾದವೆಲ್ಲ ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರದು, ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಇದಕ್ಕೆ ನಾನು ಮಾಡಿದ ಮುಖಪುಟದಲ್ಲಿ ಯಾರ ಮುಖವೂ ಇಲ್ಲ. ಕಂದು ಹಿನ್ನೆಲೆಯಲ್ಲಿ ಶಹನಾಯಿಯ ಹಿತ್ತಾಳೆಯ ಬಾಯಿ ಮಾತ್ರ ಇದೆ, ಚೌಕದ ಬಲಭಾಗವನ್ನು ಪೂರ್ತಿ ತುಂಬುವಷ್ಟು ದೊಡ್ಡದಾಗಿ. ಎಡಕ್ಕೆ ಶೀರ್ಷಿಕೆ, ಅದರಡಿ ವೆಂಕಟೇಶರ ಹೆಸರು, ಅದಕ್ಕೆ ಸಮನಾದ ಗಾತ್ರದಲ್ಲಿ ಬಿಸ್ಮಿಲ್ಲಾ ಖಾನರ ಹೆಸರು. ರಾಜಕುಮಾರ್ ಅವರ ಚಿತ್ರವಿಲ್ಲದ ಮುಖಪುಟವೇ ಎಂದು ಅತ್ತಿಗೆ ಬೇಸರಪಟ್ಟರು. ಅಣ್ಣಾವ್ರ ಮೇಲಿನ ಪ್ರೀತಿ ನನಗೂ ಅಷ್ಟೇ ಇದೆ. ಆದರೆ ಆ ಚಿತ್ರದಲ್ಲಿ ಅವರು ಅಭಿನಯಿಸಿದ್ದೇ ನಾದಕ್ಕಾಗಿ ಬದುಕುವ ಒಬ್ಬ ವಾದಕನನ್ನು. ಆ ವಾದ್ಯವನ್ನು ಮುಂದೆ ನಿಲ್ಲಿಸಿದರೆ ಪಾತ್ರಕ್ಕೂ ಗೌರವವೇ ಸಲ್ಲುತ್ತದೆ.

ಹೆಸರುಗಳ ವಿಷಯದಲ್ಲಿ ಎಷ್ಟು ದೂರ ಹೋಗಬೇಕೆಂಬ ಪ್ರಶ್ನೆಯೂ ಬರುತ್ತದೆ. 1976ರಲ್ಲಿ ಸ್ವತಂತ್ರ ಸಂಗೀತ ನಿರ್ದೇಶಕರಾಗುವುದಕ್ಕೆ ಮುಂಚೆ ಇಳಯರಾಜ ಅವರು ಜಿ.ಕೆ. ವೆಂಕಟೇಶರ ಬಳಿ ಸಹಾಯಕರಾಗಿದ್ದರು. ಅಂಥ ಸಹಾಯಕರು, ವಾದ್ಯಸಂಯೋಜಕರು, ವಾದಕರು ಯಾವ ಹೊದಿಕೆಯಲ್ಲೂ ಸಾಮಾನ್ಯವಾಗಿ ಕಾಣುವುದಿಲ್ಲ. ಚಿತ್ರದ ಶೀರ್ಷಿಕೆಪಟ್ಟಿಯನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರೆ ಕೆಲವರ ಹೆಸರು ಸಿಗುತ್ತದೆ. ಸಿಕ್ಕಿದ್ದನ್ನೆಲ್ಲ ನಾನು ಹಿಂಬದಿಯಲ್ಲಿ ಸೇರಿಸುತ್ತೇನೆ. ಗಾಯಕರ ಊರುಗಳನ್ನೂ ಕೆಲವೊಮ್ಮೆ ಬರೆಯುತ್ತೇನೆ. ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು, ಎಸ್. ಜಾನಕಿ ಗುಂಟೂರು ಸೀಮೆಯವರು, ಪಿ. ಸುಶೀಲಾ ವಿಜಯನಗರಂನವರು, ಆ ಹಾಡುಗಳಲ್ಲಿ ಬಹುಪಾಲು ಧ್ವನಿಮುದ್ರಣವಾದದ್ದು ಮದ್ರಾಸಿನಲ್ಲಿ. ರಾಜ್ಯದ ಗಡಿಯಾಚೆ ಕುಳಿತು ಕನ್ನಡ ಹಾಡು ಕೇಳುವ ನಮ್ಮಂಥವರಿಗೆ, ಗಡಿಯಾಚೆಯಿಂದ ಬಂದು ಕನ್ನಡದ ಧ್ವನಿಯಾದ ಇವರ ಮೇಲೆ ವಿಶೇಷವಾದ ಆಪ್ತತೆಯಿದೆ.

ಇತ್ತೀಚಿನ ಕೆಲಸಗಳಲ್ಲಿ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ನಮ್ಮ ಊರಿನ ಹೆಸರನ್ನೇ ಹೊತ್ತ 2018ರ ಚಿತ್ರಕ್ಕೆ ಮಾಡಿದ್ದು. ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಎಂಬ ಆ ಉದ್ದನೆಯ ಹೆಸರು ಚೌಕದಲ್ಲಿ ಹಿಡಿಸುವುದು ಕಷ್ಟ. ಆದರೆ ಅದು ಚಿತ್ರದ ಹೆಸರಿಗಿಂತ ಹೆಚ್ಚಾಗಿ ಒಂದು ಶಾಲೆಯ ನಾಮಫಲಕದ ಬರಹವೆಂದು ಓದಿಕೊಂಡ ಕೂಡಲೇ ವಿನ್ಯಾಸ ತಾನಾಗಿ ಹೊಳೆಯಿತು. ಕೇರಳದಲ್ಲಿರುವ ನಮ್ಮ ಶಾಲೆಗಳ ಫಲಕಗಳಲ್ಲಿ ನಿಜವಾಗಿ ಇರುವುದು ಜಿ.ಯು.ಪಿ. (ಸರ್ಕಾರಿ ಹಿರಿಯ ಪ್ರಾಥಮಿಕ), ಎ.ಎಲ್.ಪಿ. (ಅನುದಾನಿತ ಕಿರಿಯ ಪ್ರಾಥಮಿಕ) ಎಂಬ ಅಕ್ಷರಗಳು, ಮಲಯಾಳಂ ಮತ್ತು ಕನ್ನಡ ಎರಡರಲ್ಲಿ. ಆದರೂ ಹಸಿರು ಹಲಗೆ, ಬಿಳಿ ಬಣ್ಣ, ಕೆಳಮೂಲೆಯಲ್ಲಿ ಚಿಕ್ಕದಾಗಿ ದಾನಿಯ ಹೆಸರು ಎಂಬ ಕ್ರಮ ಇಲ್ಲಿ ಓದಿದ ಎಲ್ಲರಿಗೂ ಪರಿಚಿತ. ಆ ಕ್ರಮದಲ್ಲಿಯೇ ಸಾಲುಗಳನ್ನು ಜೋಡಿಸಿ, ಫಲಕದ ಕೆಳಗಂಚಿನಲ್ಲಿ ‘ಸಂಗೀತ: ವಾಸುಕಿ ವೈಭವ್’ ಎಂದು ಬರೆದೆ. ಕನ್ನಡ ಶಾಲೆಯನ್ನು ಉಳಿಸಿಕೊಳ್ಳುವ ಕಥೆಗೆ ಬೇರೆ ಚಿತ್ರ ಬೇಕೆನಿಸಲಿಲ್ಲ.

ಇಷ್ಟೆಲ್ಲ ಮಾಡಿದರೂ ಮೊಬೈಲಿನ ಪಟ್ಟಿಯಲ್ಲಿ ಮುಖಪುಟ ಕಾಣುವುದು ಬೆರಳುಗುರಿನಷ್ಟು ಗಾತ್ರದಲ್ಲಿ. ಹೆಸರು ಬೇಕೆನ್ನುವ ನನ್ನ ವಾದಕ್ಕೆ ಇದು ನಿಜವಾದ ಅಡ್ಡಿ, ಏಕೆಂದರೆ ಆ ಗಾತ್ರದಲ್ಲಿ ಓದಲಾಗುವುದು ದಪ್ಪಕ್ಷರದ ಒಂದೆರಡು ಪದ ಮಾತ್ರ. ಆದ್ದರಿಂದ ಎದುರು ಭಾಗದಲ್ಲಿ ಶೀರ್ಷಿಕೆ ಮತ್ತು ಸಂಗೀತ ನಿರ್ದೇಶಕರ ಹೆಸರನ್ನಷ್ಟೇ ಇಟ್ಟು, ಒಬ್ಬೊಬ್ಬ ನಿರ್ದೇಶಕರಿಗೂ ಎಡ ಅಂಚಿನಲ್ಲಿ ಒಂದೊಂದು ಬಣ್ಣದ ಪಟ್ಟಿ ಗೊತ್ತುಮಾಡಿದ್ದೇನೆ. ರಾಜನ್–ನಾಗೇಂದ್ರರದು ಹಳದಿ, ವಿಜಯಭಾಸ್ಕರರದು ಕಡುನೀಲಿ. ಅಕ್ಷರ ಕಾಣದಿದ್ದರೂ ಬಣ್ಣ ನೋಡಿ ಯಾರ ಹಾಡೆಂದು ತಿಳಿಯುತ್ತದೆ. ಉಳಿದ ಎಲ್ಲ ವಿವರ ಹಿಂಬದಿಯ ಪುಟದಲ್ಲಿರುತ್ತದೆ. ಅದನ್ನು ಸಿ.ಡಿ. ಪುಸ್ತಿಕೆಯ ಅಳತೆಗೆ, ಅಂದರೆ 12 ಸೆಂಟಿಮೀಟರ್ ಚೌಕಕ್ಕೆ, 300 ಡಿಪಿಐಯಲ್ಲಿ ಸುಮಾರು 1,417 ಪಿಕ್ಸೆಲ್ ಬರುವಂತೆ ಸಿದ್ಧಪಡಿಸಿ ದಪ್ಪ ಕಾಗದದಲ್ಲಿ ಮುದ್ರಿಸಿಡುತ್ತೇನೆ. ಎಂಪಿ3 ಕಡತದೊಳಗೆ ಹಾಡಿನ ಮಾಹಿತಿಯನ್ನು ಬರೆದಿಡುವ ಐಡಿ3 ವಿವರಗಳಲ್ಲಿ ಸಂಗೀತ, ಸಾಹಿತ್ಯಗಳಿಗೆ ಪ್ರತ್ಯೇಕ ಜಾಗವಿದೆ. ಅದನ್ನು ಕನ್ನಡದಲ್ಲಿಯೇ ತುಂಬುತ್ತೇನೆ. ಹಂಸಲೇಖರ ಹಾಡುಗಳಲ್ಲಿ ಬಹಳಷ್ಟಕ್ಕೆ ಆ ಎರಡು ಜಾಗದಲ್ಲೂ ಒಂದೇ ಹೆಸರು ಬರುವುದನ್ನು ನೋಡುವುದು ಸಂತೋಷದ ಸಂಗತಿ. ಈ ವಿವರಗಳ ಮೊದಲ ಆವೃತ್ತಿಯಲ್ಲಿ ಶೀರ್ಷಿಕೆಗೆ ಮೂವತ್ತು ಅಕ್ಷರಗಳ ಮಿತಿಯಿದ್ದು ಕನ್ನಡ ಹಿಡಿಸುವುದಿಲ್ಲವಾದ್ದರಿಂದ ಎರಡನೆಯ ಆವೃತ್ತಿಯಲ್ಲಿ ಉಳಿಸಬೇಕು. ಕಡತದೊಳಗೆ ಸೇರಿಸುವ ಮುಖಪುಟ 600ರಿಂದ 1,000 ಪಿಕ್ಸೆಲ್ ಇದ್ದರೆ ಸಾಕು. ಅದಕ್ಕಿಂತ ದೊಡ್ಡದನ್ನು ಕೆಲವು ಕಾರುಗಳ ಪ್ಲೇಯರುಗಳು ತೋರಿಸುವುದೇ ಇಲ್ಲ.

ಇದನ್ನು ಓದುವವರ ಮನೆಯ ಅಟ್ಟದಲ್ಲಿ ಹಳೆಯ ಇ.ಪಿ.ಗಳಿದ್ದರೆ ಒಂದು ಕೋರಿಕೆಯಿದೆ. ಮುಂದಿನ ಮಳೆಗಾಲಕ್ಕೆ ಮೊದಲು ಅವುಗಳ ಹೊದಿಕೆಯ ಎರಡೂ ಬದಿಗಳನ್ನು, ಹಾಗೆಯೇ ರೆಕಾರ್ಡಿನ ನಡುವಿನ ದುಂಡನೆಯ ಲೇಬಲನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಹೊದಿಕೆಯಲ್ಲಿ ಇಲ್ಲದ ಗೀತರಚನೆಕಾರರ ಹೆಸರು ಎಷ್ಟೋ ಸಲ ಲೇಬಲಿನಲ್ಲಿರುತ್ತದೆ. ಸ್ಕ್ಯಾನರ್ ಇಲ್ಲದವರು ಹಗಲ ಬೆಳಕಿನಲ್ಲಿ, ನೆರಳು ಬೀಳದಂತೆ, ನೇರ ಮೇಲಿನಿಂದ ಫೋಟೋ ತೆಗೆದರೂ ಅಕ್ಷರ ಓದುವಷ್ಟು ಚೆನ್ನಾಗಿ ಬರುತ್ತದೆ.